ಕಲ್ಲಬಾವಿ ಓಣಿಯ ಪಾಳಿ

ಹಳೆಯ ವಿದ್ಯಾರ್ಥಿನಿಯೊಬ್ಬಳು ಮಗಳ ಮದುವೆಗೆ ಕರೆದಳೆಂದು ಕಳೆದ ಮಾಘದಲ್ಲಿ ಆ ಊರಿಗೆ ಹೋಗಿದ್ದೆ. ರೋಣದಿಂದ ಬಂದ ಬಸ್ಸು ನಿಲ್ದಾಣದೊಳಗೆ ತಿರುಗಿ ನಿಂತಿತು. ಮೂಲೆಯಲ್ಲಿ ಮಿರ್ಚಿ ಕರಿಯುವವನೊಬ್ಬ ಒಲೆಗೆ ಒಣಗಿದ ಹತ್ತಿಕಟ್ಟಿಗೆ ತುರುಕುತ್ತಿದ್ದ. ಆ ಹೊಗೆಗೆ ಒಂದು ಬೇರೆಯೇ ವಾಸನೆ ಇದೆ, ಸ್ವಲ್ಪ ಒಗರು, ಸ್ವಲ್ಪ ಎಣ್ಣೆಜಿಡ್ಡು. ಮೂಗಿಗೆ ಬಡಿದದ್ದೇ ತಡ, ಕೈಚೀಲ ಕೆಳಗಿಟ್ಟು ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಕರೆದೊಯ್ಯಲು ಬಂದಿದ್ದ ಶಿಷ್ಯೆ ಗಾಬರಿಯಾಗಿ, "ಯಾಕ್ರಿ ಅಕ್ಕೋರ, ಚಕ್ಕರ ಬಂತೇನ್ರಿ?" ಎಂದಳು. ಇಲ್ಲವೆಂದೆ. ನಾನು ಕುಳಿತ ಜಾಗದಲ್ಲಿ ಒಂದು ಕಾಲಕ್ಕೆ ಗಂಗವ್ವನ ಮನೆಯಿತ್ತು, ಅವಳ ಒಲೆಯಿಂದ ಇದೇ ಹೊಗೆ ಬರುತ್ತಿತ್ತು ಎಂದರೆ ಅವಳಿಗೆ ಏನು ತಿಳಿಯಬೇಕು! ಅವಳು ಹುಟ್ಟಿದ್ದು ಈ ಊರಲ್ಲೇ, ಆದರೆ ಬೆಳೆದದ್ದು ದೊಡ್ಡ ಓಣಿಯಲ್ಲಿ.

ಊರಿನ ಹೆಸರು ಬರೆಯುವುದಿಲ್ಲ. ರೋಣ ತಾಲೂಕಿನದು, ಗಜೇಂದ್ರಗಡದ ಗುಡ್ಡ ಕಣ್ಣಿಗೆ ಕಾಣುವಷ್ಟು ದೂರದ್ದು ಎಂದರೆ ಸಾಕು. ಆಗ ಆರಿಸಿ ಬಂದವರ ಮಕ್ಕಳು ಮೊಮ್ಮಕ್ಕಳು ಈಗಲೂ ಆರಿಸಿ ಬರುತ್ತಿದ್ದಾರೆ. ಈ ವಯಸ್ಸಿನಲ್ಲಿ ನನಗೆ ಅವರೊಡನೆ ಜಗಳ ಬೇಡ. ಐವತ್ತರ ದಶಕ ಮುಗಿಯಲು ಬಂದಿತ್ತು. ಧಾರವಾಡ ಸೀಮೆಯ ನಾವು ಮುಂಬಯಿ ಸರಕಾರವನ್ನು ಬಿಟ್ಟು ಮೈಸೂರಿಗೆ ಸೇರಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಇನ್ನು ಊರು ಸುಧಾರಿಸುತ್ತದೆ ಎಂಬುದು ಎಲ್ಲರ ಬಾಯಲ್ಲೂ ಇದ್ದ ಮಾತು. ನಾನೂ ಅದನ್ನೇ ಆಡುತ್ತಿದ್ದೆ. ಟ್ರೇನಿಂಗ್ ಮುಗಿಸಿ ಹೆಣ್ಣುಮಕ್ಕಳ ಶಾಲೆಗೆ ಹೊಸದಾಗಿ ಬಂದ ಹುಡುಗಿ ಬೇರೆ ಏನು ಆಡಿಯಾಳು? ಶಾಲೆಯ ಗೋಡೆಗೆ ನಾನೇ ಸುಣ್ಣ ಬಳಿಸಿ, ಮತದಾನ ನಮ್ಮ ಹಕ್ಕು ಎಂದು ನೀಲಿ ಅಕ್ಷರದಲ್ಲಿ ಬರೆಸಿದ್ದೆ. ಅಕ್ಷರ ಚೆನ್ನಾಗಿಯೇ ಬಂದಿದ್ದವು.

ಎರೆಮಣ್ಣಿನ ಊರು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆಗಾಲದಲ್ಲಿ ಮೊಳಕಾಲವರೆಗೆ ಕೆಸರು. ಪೇಟೆಯಲ್ಲಿ ದಲಾಲಿಗೆ ಹತ್ತಿ ಮಾರಿಸಿಕೊಡುವ ಅಡತಿ ಅಂಗಡಿಗಳು, ಆಚೆ ನೇಕಾರರ ಓಣಿಯಲ್ಲಿ ಹಗಲಿಡೀ ಮಗ್ಗದ ಸಪ್ಪಳ. ಇರದಿದ್ದುದು ನೀರು. ನಾನು ಬಾಡಿಗೆಗಿದ್ದ ಮನೆಯ ಬಾವಿ ಸಂಕ್ರಾಂತಿಗೇ ತಳ ಕಂಡಿತು. ಮನೆಯೊಡತಿ ಕೈಗೆ ಒಂದು ಕೊಡ ಕೊಟ್ಟು, ಊರ ಹೊರಗಿನ ಕಲ್ಲಬಾವಿಗೆ ಹೋಗಿ ಪಾಳಿಗೆ ಇಟ್ಟು ಬರಲು ಹೇಳಿದಳು.

ಬಂಡೆಯನ್ನು ಕಡಿದು ತೋಡಿದ್ದ ಹಳೆಯ ಬಾವಿ ಅದು. ತಳದಲ್ಲಿ ನೀರು ಒಸರುವುದನ್ನೇ ಕಾಯ್ದು, ತಂಬಿಗೆಯಿಂದ ಮೊಗೆದು ತುಂಬಬೇಕು. ಮೆಟ್ಟಿಲಿಂದ ಹೊರಗೆ ಹುಣಸೆಮರದವರೆಗೆ ಕೊಡಗಳೇ ಸಾಲಾಗಿ ನಿಂತಿದ್ದವು, ಮನುಷ್ಯರು ನಾಲ್ಕೈದು ಮಂದಿ ಇದ್ದರೆ ಹೆಚ್ಚು. ಕೊನೆಯಲ್ಲಿ ನನ್ನದನ್ನಿಟ್ಟು, ಇನ್ನು ಇದು ನನ್ನ ಕೈಗೆ ಸಿಕ್ಕಂತೆಯೇ ಎಂದುಕೊಂಡು ಶಾಲೆಗೆ ಹೋದೆ. ಸಂಜೆ ಬಂದರೆ ಕೊಡ ಮನೆಯ ಕಟ್ಟೆಯ ಮೇಲಿತ್ತು, ತುಂಬಿತ್ತು, ಮೇಲೆ ಮುತ್ತಲ ಎಲೆ ಮುಚ್ಚಿತ್ತು. ಪಕ್ಕದಲ್ಲಿ ನಲವತ್ತೈದರ ಸುಮಾರಿನ ಒಬ್ಬ ಹೆಂಗಸು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಕುಳಿತಿದ್ದಳು. ಗಂಗವ್ವನನ್ನು ನಾನು ಮೊದಲು ನೋಡಿದ್ದು ಹಾಗೆ.

"ಯಾರ ತುಂಬಿದ್ರು ಇದನ್ನ?" ಎಂದೆ.

"ಪಾಳಿ ಬಂತ್ರಿ, ತುಂಬಿದ್ವಿ. ನೀವು ಇರಲಿಲ್ಲ ಅಂತ ಬಿಡಾಕ ಬರತೈತೇನ್ರಿ ಅಕ್ಕೋರ? ಕೊಡ ಇತ್ತಲ್ಲ. ಕೊಡ ಇದ್ರ ಮನಶ್ಯಾ ಇದ್ದಂಗ."

ಆ ಬಾವಿಯ ಕಾಯಿದೆ ಇಷ್ಟೇ. ದುಡಿಯುವ ಹೆಂಗಸು ದಿನವಿಡೀ ನೀರಿಗೆ ನಿಲ್ಲಲಾರಳು, ಆದ್ದರಿಂದ ಅವಳ ಬದಲು ಅವಳ ಕೊಡ ನಿಲ್ಲುತ್ತದೆ. ಕೊಡವನ್ನು ಯಾರೂ ಹಿಂದೆ ಸರಿಸುವಂತಿಲ್ಲ. ಪಾಳಿ ಬಂದಾಗ ಒಡತಿ ಇರದಿದ್ದರೆ ಅಲ್ಲಿದ್ದವರು ತುಂಬಿಡಬೇಕು. ಯಾರೂ ಇದನ್ನು ಬರೆದಿಟ್ಟಿರಲಿಲ್ಲ, ಮೀರಿದವರನ್ನು ನಾನು ನೋಡಲಿಲ್ಲ. ಶಾಲೆಯಲ್ಲಿ ನಾನು ಮಕ್ಕಳಿಗೆ ಪೌರನೀತಿ ಹೇಳುತ್ತಿದ್ದೆ. ಅದರ ಅರ್ಧದಷ್ಟೂ ಯಾರೂ ಪಾಲಿಸುತ್ತಿರಲಿಲ್ಲ.

ಬಾವಿಯ ಸುತ್ತ ಇದ್ದ ಗುಡಿಸಲುಗಳೇ ಕಲ್ಲಬಾವಿ ಓಣಿ. ಬರ ಬಿದ್ದ ವರ್ಷಗಳಲ್ಲಿ ಮುಶಿಗೇರಿ ಕಡೆಯಿಂದ, ಹೊಳೆ ಏರಿದ ವರ್ಷಗಳಲ್ಲಿ ಮೆಣಸಗಿ ಕಡೆಯಿಂದ ಬಂದವರು ಅಲ್ಲಿ ಒಬ್ಬರ ಹಿಂದೊಬ್ಬರು ನೆಲೆ ನಿಂತಿದ್ದರು. ಹತ್ತಿಕಟ್ಟಿಗೆಯ ಗೋಡೆಗೆ ಮಣ್ಣು ಮೆತ್ತಿದ ಮನೆಗಳು. ಗಂಡಸರು ಹಮಾಲಿ ಮಾಡುತ್ತಿದ್ದರು, ಕಲ್ಲು ಒಡೆಯುತ್ತಿದ್ದರು. ಹೆಂಗಸರು ನೇಕಾರರಿಗೆ ನೂಲು ಸುತ್ತಿಕೊಡುತ್ತಿದ್ದರು, ಸುಗ್ಗಿ ಬಂದರೆ ಹತ್ತಿ ಬಿಡಿಸಲು ಹೋಗುತ್ತಿದ್ದರು. ಗಂಗವ್ವನ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು ನೀಲವ್ವನನ್ನು ನರಗುಂದದ ಹತ್ತಿರ ಕೊಟ್ಟಿದ್ದಳು. ನೀಲವ್ವ ಈಗ ಬಸುರಿ. ಚೊಚ್ಚಲು, ಅದಕ್ಕೇ ಬಾಣಂತನಕ್ಕೆ ತವರಿಗೆ ಬರುವವಳಿದ್ದಳು. ಮಳೆಗಾಲಕ್ಕೆ ಹೆರಿಗೆ. ಗಂಗವ್ವ ಆಗಲೇ ಮೂಲೆಯ ಗೋಡೆಗೆ ಹೊಸ ಮಣ್ಣು ಮೆತ್ತಿ, ಗಾಳಿ ಬಾರದ ಹಾಗೆ ಸಂದು ಮುಚ್ಚಿ, ಬಾಣಂತಿ ಮಲಗುವ ಹೊರಸಿಗೆ ಜಾಗ ಮಾಡಿಟ್ಟಿದ್ದಳು. ನನ್ನನ್ನು ಕರೆದು ತೋರಿಸಿದ್ದಳು ಕೂಡ.

ಇಂಥ ಹೊತ್ತಿನಲ್ಲಿ ಮುನ್ಸಿಪಾಲ್ಟಿಯವರು ಊರಿನ ಹೊಸ ನಕಾಶೆ ತಯಾರಿಸಿದರು. ಅಗಲವಾದ ರಸ್ತೆ, ಹತ್ತಿಯ ಪೇಟೆ, ಬಸ್ಸಿನ ನಿಲ್ದಾಣ. ನಿಲ್ದಾಣ ಬರುವುದು ಕಲ್ಲಬಾವಿ ಓಣಿಯ ಮೇಲೆ. ಅದಾದ ಕೆಲವೇ ದಿನಗಳಲ್ಲಿ ಚುನಾವಣೆ ಸಾರಿದರು. ನಮ್ಮ ವಾರ್ಡಿಗೆ ನಿಂತವರು ಇಬ್ಬರು: ಅಡತಿ ವ್ಯಾಪಾರದ ಬಸಲಿಂಗಪ್ಪ ಸಾವಕಾರರು, ನೇಕಾರರ ಈರಣ್ಣ. ಸಾವಕಾರರದು ಛತ್ರಿಯ ಗುರುತು, ಈರಣ್ಣನದು ಏಣಿ. ಆಗ ಒಂದೊಂದು ಗುರುತಿಗೆ ಒಂದೊಂದು ಓಟಿನ ಡಬ್ಬಿ.

ಬಸಲಿಂಗಪ್ಪನವರನ್ನು ಕೆಟ್ಟವರೆನ್ನಲಾರೆ. ಓಣಿಗೆ ತಾವೇ ಬಂದು ಹುಣಸೆಮರದ ಕೆಳಗೆ ಕಂಬಳಿಯ ಮೇಲೆ ಕುಳಿತು ಮಾತಾಡಿದರು. ನಾನೂ ಅಲ್ಲಿದ್ದೆ.

"ನೋಡ್ರವಾ, ಬಸ್ ಬಂದ್ರ ಎರಡ ತಾಸಿಗೆ ಗದಗ. ದೊಡ್ಡ ದವಾಖಾನಿ ಅಲ್ಲೈತಿ. ಹೋದ ವರ್ಷ ಬಂಡ್ಯಾಗ ಒಯ್ಯೂದ್ರಾಗ ಹಾದೀಲೆ ಜೀವ ಹೋತಲ್ಲ ನಿಮ್ಮ ಓಣಿ ಹುಡಗೀದು? ಹಂತಾದ್ದು ಇನ್ನ ಆಗಬಾರ್ದು."

ಅದು ನಿಜ. ಗಂಗವ್ವ ಕುಳಿತಲ್ಲಿಂದಲೇ ಅಂದಳು:

"ಬಸ್ ಬ್ಯಾಡ ಅನ್ನಾಂಗಿಲ್ರಿ ಸಾವಕಾರ್ರ. ಊರಿಗಿ ಬಂದದ್ದು ನಮಗೂ ಬೇಕು. ನಮ್ಮನ್ನ ಎಲ್ಲಿ ಇಡತೀರಿ, ಅಲ್ಲಿ ನೀರ ಐತೋ ಇಲ್ಲೋ, ಅದನ್ನ ಮೊದಲ ಹೇಳ್ರಿ. ಆಮ್ಯಾಲ ನಾವ ಮನೀ ಕಿತ್ತ ಕೊಡತೀವಿ."

"ಎಲ್ಲಾ ನೋಡೂಣು, ಎಲ್ಲಾ ಆಕ್ಕೈತಿ" ಎಂದು ಸಾವಕಾರರು ಎದ್ದರು. ಈರಣ್ಣ ಮಾರನೆಯ ದಿನ ಬಂದು, ಊರೊಳಗೆ ಜಾಗ ಕೊಟ್ಟು ಅಲ್ಲಿಗೊಂದು ನಳ ಹಾಕಿಸುವವರೆಗೆ ಒಂದು ಗೂಟವನ್ನೂ ಕೀಳಗೊಡುವುದಿಲ್ಲ ಎಂದು ಮಾತು ಕೊಟ್ಟ. ಅವನಲ್ಲಿ ಕೊಡಲು ಮಾತಲ್ಲದೆ ಬೇರೇನೂ ಇರಲಿಲ್ಲ. ಆದರೂ ಓಣಿ ಏಣಿಯ ಡಬ್ಬಿಗೆ ಓಟು ಹಾಕುವುದೆಂದು ನಿರ್ಧರಿಸಿತು. ಆ ನಿರ್ಧಾರ ಮಾಡಿಸಿದವಳು ಗಂಗವ್ವ.

ಮತದಾನದ ದಿನ ನಮ್ಮ ಶಾಲೆಯೇ ಹೆಂಗಸರ ಮತಗಟ್ಟೆ. ನನಗೆ ಬೆರಳಿಗೆ ಶಾಯಿ ಹಚ್ಚುವ ಕೆಲಸ. ರೋಣದಿಂದ ವೆಂಕಟರಾಯರೆಂಬ ಹಿರಿಯ ಮಾಸ್ತರರು ಮತಗಟ್ಟೆಯ ಅಧಿಕಾರಿಯಾಗಿ ಬಂದಿದ್ದರು. ಕರಿಯ ಟೊಪ್ಪಿಗೆ, ಮಾಸಿದ ಕೋಟು, ಗಂಟಲಲ್ಲಿ ಸದಾ ಒಂದು ಕೆಮ್ಮು. ಪೂರ್ತಿ ಬೆಳಕು ಹರಿಯುವ ಮೊದಲೇ ಡಬ್ಬಿಗಳಿಗೆ ಅರಗು ಹಾಕಲು ಕುಳಿತಿದ್ದರು. ಅಷ್ಟರಲ್ಲಿ ಅಂಗಳದಲ್ಲಿ ಗುಜುಗುಜು. ಹೋಗಿ ನೋಡಿದರೆ ಕಲ್ಲಬಾವಿ ಓಣಿಯ ಹೆಂಗಸರೆಲ್ಲ ಬಂದಿದ್ದಾರೆ, ಹೆಗಲಿಗೆ ಬಿಡಿಸಿದ ಹತ್ತಿ ತುಂಬಿಕೊಳ್ಳುವ ಉಡಿಬಟ್ಟೆ, ಕೈಯಲ್ಲಿ ಬುತ್ತಿಗಂಟು, ಕಂಕುಳಲ್ಲಿ ಬರಿಗೊಡ.

ಸುಗ್ಗಿಯ ದಿನಗಳು. ಹೊಲದಲ್ಲಿ ಹತ್ತಿ ಒಡೆದು ಬೆಳ್ಳಗೆ ಜೋತಾಡುತ್ತಿತ್ತು, ಗಾಳಿ ಎದ್ದರೆ ಮಣ್ಣುಪಾಲು. ಮುಶಿಗೇರಿ ಹಾದಿಯ ಹೊಲವೊಂದಕ್ಕೆ ಅಂದೇ ಆಳು ಬೇಕೆಂದು ಹೇಳಿಕಳಿಸಿದ್ದರು. ಬಿಡಿಸಿದ ಹತ್ತಿಯಲ್ಲೇ ಕೂಲಿಯ ಪಾಲು, ಹೋಗದವರಿಗೆ ಆ ಸುಗ್ಗಿಯಲ್ಲಿ ಮತ್ತೆ ಕರೆ ಬಾರದು. ಹೊಲ ಯಾರದು ಎಂದು ಕೇಳಿದರೆ ಸಾವಕಾರರ ಬೀಗರದು. ಬಂಡಿ ಹೊರಡುವ ಹೊತ್ತಾಗಿತ್ತು, ಮತದಾನ ಶುರುವಾಗಲು ಇನ್ನೂ ಒಂದು ತಾಸು ಇತ್ತು.

ಗಂಗವ್ವ ಬಾಗಿಲಲ್ಲಿ ನಿಂತು ವೆಂಕಟರಾಯರಿಗೆ ಕೈಮುಗಿದಳು.

"ಸಾಹೇಬ್ರ, ನಾವು ಕೊಡಾ ಪಾಳಿಗೆ ಹಚ್ಚಿ ಹೋಗತೀವ್ರಿ. ಹೊತ್ತ ಮುಣಗೂದ್ರಾಗ ಬರತೀವಿ."

ರಾಯರ ಕೈಯಲ್ಲಿ ಉರಿಯುವ ಮೇಣಬತ್ತಿ, ಕಣ್ಣು ಕರಗುತ್ತಿದ್ದ ಅರಗಿನ ಮೇಲೆ. ತಿರುಗದೆಯೇ, "ಆತವಾ, ಆತು. ಗ್ವಾಡಿಗೆ ಹಚ್ಚಿ ಇಡ್ರಿ, ಹಾದಿಗೆ ಅಡ್ಡ ಆಗಬಾರ್ದು" ಎಂದರು.

ಹೆಂಗಸರು ಅಂಗಳದ ಗೋಡೆಗುಂಟ ಕೊಡಗಳನ್ನು ಸಾಲಾಗಿ ಇಟ್ಟರು. ಮಣ್ಣಿನವು, ತಗಡಿನವು, ಒಂದೆರಡು ಹಿತ್ತಾಳೆಯವು; ಕಂಠಕ್ಕೆ ಗುರುತಿನ ಚಿಂದಿ ಕಟ್ಟಿದವು. ನಾನು ಹೊರಗೋಡಿ ಬಂದು ಗಂಗವ್ವನ ತೋಳು ಹಿಡಿದೆ.

"ಗಂಗವ್ವಾ, ಇದು ಬಾವಿ ಅಲ್ಲ. ಇಲ್ಲೆ ಕೊಡ ನಿಂತ್ರ ನಡಿಯೂದಿಲ್ಲ, ನೀವ ನಿಂದರಬೇಕು. ಇವತ್ತೊಂದಿನ ಕೂಲಿ ಬಿಡ್ರಿ."

"ಸಾಹೇಬ್ರ ಹೂಂ ಅಂದ್ರಲ್ರೀ ಅಕ್ಕೋರ."

"ಅವರಿಗೆ ನಿನ್ನ ಮಾತು ತಿಳದಿಲ್ಲ."

"ಪಾಳಿ ಅಂದ್ರ ತಿಳೀಲಾರದ್ದು ಏನೈತ್ರಿ? ಸಾಲೀ ಕಲಿತಾವ್ರು ಅದಾರ." ಅವಳು ನಕ್ಕಳು. "ಕೂಲಿ ಬಿಟ್ಟ್ರ ಸಂಜೀಕ ಒಲಿ ಹತ್ತಾಂಗಿಲ್ರಿ. ಲಗೂ ಬರತೀವಿ, ಚಿಂತಿ ಮಾಡಬ್ಯಾಡ್ರಿ."

ಬಂಡಿಗಳು ಹೊರಟವು. ನಾನು ಒಳಗೆ ಹೋಗಿ ರಾಯರಿಗೆ ಬಿಡಿಸಿ ಹೇಳಿದೆ. ಅವರು ಹೊರಗೆ ಬಂದು ಕೊಡಗಳನ್ನು ನೋಡಿ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. ಐದರೊಳಗೆ ಬಂದರೆ ತೊಂದರೆಯಿಲ್ಲ, ಎಲ್ಲರಿಗೂ ಕೊಡೋಣ ಎಂದರು. ಹಾಗೇ ಆಗಲೆಂದು ನಾನು ನನ್ನ ಶಾಯಿಯ ಬಾಟಲಿಯ ಮುಂದೆ ಕುಳಿತೆ.

ಅಂದು ಹಗಲಿಡೀ ದೊಡ್ಡ ಓಣಿಯ ಹೆಂಗಸರು, ಪೇಟೆಯ ಹೆಂಗಸರು, ನೇಕಾರರ ಹೆಂಗಸರು ಬಂದು ಹೋದರು. ಕೆಲವರು ಡಬ್ಬಿಗೆ ಕುಂಕುಮ ಹಚ್ಚಿದರು. ಒಬ್ಬಳು ಗಂಡನ ಹೆಸರು ಹೇಳಲಾರದೆ ಅಳುವುದೊಂದು ಬಾಕಿ, ಕೊನೆಗೆ ಪಕ್ಕದವಳು ಹೇಳಿದಳು. ಗೋಡೆಗುಂಟ ನಿಂತ ಕೊಡಗಳನ್ನು ನೋಡಿ ಪೇಟೆಯವರು ಬಾಯಿಗೆ ಸೆರಗು ಹಿಡಿದು ನಕ್ಕರು. ಪೋಲೀಸಿನವನು ಒಮ್ಮೆ ಲಾಠಿಯಿಂದ ಸರಿಸಲು ಹೋದ. ನೇಕಾರರ ಮುದುಕಿಯೊಬ್ಬಳು, "ಮುಟ್ಟಬ್ಯಾಡಪಾ, ಪಾಳೀ ಕೊಡ ಅದಾವು" ಎಂದು ಗದರಿಸಿದಳು, ಅವನು ಲಾಠಿ ಹಿಂದಕ್ಕೆಳೆದುಕೊಂಡ. ಬಿಸಿಲು ಗೋಡೆಯಿಂದ ಇಳಿದು ಕೊಡಗಳ ಮೇಲೆ ಬಂತು, ಅಲ್ಲಿಂದಲೂ ಇಳಿಯಿತು. ನಾಲ್ಕಕ್ಕೆಲ್ಲ ಮತಗಟ್ಟೆ ಖಾಲಿಯಾಗಿತ್ತು. ನಾನು ಐದು ನಿಮಿಷಕ್ಕೊಮ್ಮೆ ಬಾಗಿಲಿಗೆ ಹೋಗಿ ಹಾದಿ ನೋಡುತ್ತಿದ್ದೆ.

ಆಮೇಲೆ ತಿಳಿದ ಮಾತು: ಹೊಲದಲ್ಲಿ ಬಿಡಿಸುವುದು ಹೊತ್ತಿಗೇ ಮುಗಿದಿತ್ತಂತೆ. ಪಾಲು ತೂಗುವ ತಕ್ಕಡಿ ಬರಲಿಲ್ಲವಂತೆ. ತೂಗಿಸದೆ ಹೊರಟರೆ ಇಡೀ ದಿನದ ದುಡಿಮೆ ಹಾಳಾಗುತ್ತದೆ. ಕಾಯ್ದರು. ತಕ್ಕಡಿ ಬೇಕೆಂತಲೇ ತಡವಾಯಿತೋ, ತಾನಾಗಿ ತಡವಾಯಿತೋ ನನಗೆ ಇಂದಿಗೂ ಗೊತ್ತಿಲ್ಲ. ಬಡವರ ವಿಷಯಕ್ಕೆ ಬಂದರೆ ಎರಡಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಐದಕ್ಕೆ ಸ್ವಲ್ಪ ಮುಂಚೆ ಛತ್ರಿಯ ಕಡೆಯ ಏಜೆಂಟ ಗಡಿಯಾರ ತೋರಿಸಿದ. ಏಣಿಯ ಕಡೆಯವನು, "ಅಂಗಳದಾಗ ಪಾಳಿ ಇನ್ನೂ ಐತಿ, ಬಾಗಲಾ ಹ್ಯಾಂಗ ಮುಚ್ಚತೀರಿ?" ಎಂದ. ಮಾತು ಬೆಳೆಯಿತು. ಹೊತ್ತು ಮುಗಿದಾಗ ಅಂಗಳದ ಸಾಲಿನಲ್ಲಿ ಇದ್ದವರಿಗೆಲ್ಲ ಓಟು ಹಾಕಲು ಬಿಡಬೇಕು ಎಂಬುದು ನಿಯಮ. ಸಾಲಿನಲ್ಲಿ ಯಾರಿದ್ದಾರೆ ಎಂಬುದೇ ಜಗಳ. ನನಗೆ ತಡೆಯಲಾಗಲಿಲ್ಲ.

"ರಾಯರ, ಮುಂಜಾನೆ ನೀವ ಇಡ್ರಿ ಅಂದೀರಿ. ಅವರು ನಿಮ್ಮ ಮಾತ ನಂಬಿ ಹೋಗ್ಯಾರ. ಒಂದ ಅರ್ಧಾ ತಾಸು ತಡೀರಿ."

ರಾಯರು ಕೊಡಗಳತ್ತ ನೋಡಿ ಮೆಲ್ಲಗೆ ಅಂದರು: "ಅಕ್ಕೋರ, ನನ್ನ ಹೊಟ್ಟಿ ಉರೀಲಿಕ್ಕತ್ತದ. ಆದ್ರ ಇವತ್ತ ನಾ ಕೊಡಾ ಒಂದು ಆಳು ಅಂತ ಒಪ್ಪಿದ್ರ, ಮುಂದಿನ ಸಲ ಸಾವಕಾರ ನೂರು ಹಿತ್ತಾಳಿ ಕೊಡಾ ತಂದ ನಿಲ್ಲಸ್ತಾನ. ಬಡವ್ರ ಹತ್ರ ಎಷ್ಟ ಕೊಡಾ ಇರತಾವ್ರಿ?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನನಗೆ ಅದರಿಂದಲೇ ಹೆಚ್ಚು ಸಿಟ್ಟು ಬಂತು. ಗಂಟೆ ಹೊಡೆಯಿತು, ಪೋಲೀಸಿನವನು ಅಂಗಳದ ಬಾಗಿಲು ಎಳೆದುಕೊಂಡ.

ಅವರು ಬಂದಾಗ ಹೊತ್ತು ಇನ್ನೂ ಮುಳುಗಿರಲಿಲ್ಲ, ಶಾಲೆಯ ಮಾಡಿನ ಮೇಲೆ ಇಳಿಬಿಸಿಲಿತ್ತು. ಬಂಡಿಗಳನ್ನು ಹಾದಿಯಲ್ಲೇ ಬಿಟ್ಟು ಓಡಿಬಂದಿದ್ದರು. ತಲೆಗೂದಲಿಗೆ, ಸೀರೆಗೆ ಹತ್ತಿಯ ಎಳೆ ಅಂಟಿತ್ತು, ಹತ್ತಿಕಾಯಿಯ ಒಣ ಸಿಪ್ಪೆ ತರಚಿ ಕೈಬೆರಳಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಾಗಿಲು ಮುಚ್ಚಿದ್ದನ್ನು ಕಂಡು ಯಾರೂ ಕೂಗಾಡಲಿಲ್ಲ. ಏನೋ ತಪ್ಪಾಗಿದೆ, ಈಗ ಸರಿಹೋಗುತ್ತದೆ ಎಂಬಂತೆ ನಿಂತರು. ರಾಯರೇ ಹೊರಗೆ ಬಂದರು.

"ಹೊತ್ತ ಮುಗೀತವಾ. ನಾ ಏನೂ ಮಾಡಾಕ ಬರೂದಿಲ್ಲ."

"ನಮ್ಮ ಪಾಳಿ ಇಲ್ಲೇ ಐತಲ್ರಿ ಸಾಹೇಬ್ರ" ಎಂದು ಗಂಗವ್ವ ಒಳಗಿನ ಸಾಲಿನತ್ತ ಬೆರಳು ತೋರಿಸಿದಳು.

"ಅವು ಕೊಡ ಅದಾವವಾ. ನೀವು ಇರಲಿಲ್ಲ."

ಗಂಗವ್ವ ಅವರ ಮುಖವನ್ನೇ ನೋಡಿದಳು. ಕೋಪವಿರಲಿಲ್ಲ. ಇಷ್ಟು ದೊಡ್ಡವರು ಇಂಥ ಮಾತನ್ನು ಹೇಗೆ ಆಡಿದರು ಎಂಬ ಆಶ್ಚರ್ಯವಿತ್ತು. "ಮುಂಜಾನೆ ನೀವ ಇಡ್ರಿ ಅಂದ್ರಿ" ಎಂದಳು. ರಾಯರು ಕೆಮ್ಮಿದರು. "ಅಂದೆ. ಕೊಡಕ್ಕ ಅಂದೆ, ಓಟಿಗೆ ಅನ್ನಲಿಲ್ಲ. ತಪ್ಪ ತಿಳಕೋಬ್ಯಾಡ ತಾಯಿ" ಎಂದು ಆ ಹಿರಿಯರು ಕೂಲಿಯವಳಿಗೆ ಕೈಮುಗಿದರು. ಆಮೇಲೆ ಶಾಲೆಯ ಹರವಿಯಿಂದ ತಾವೇ ನೀರು ತರಿಸಿ ಎಲ್ಲರಿಗೂ ಕೊಡಿಸಿದರು. ಅವರು ಬೊಗಸೆ ಹಿಡಿದು ಕುಡಿದರು, ತಮ್ಮ ತಮ್ಮ ಕೊಡ ಎತ್ತಿಕೊಂಡು ಹೋದರು.

ಎಣಿಕೆಯಾಯಿತು. ಬಸಲಿಂಗಪ್ಪನವರು ಗೆದ್ದರು. ಗೆದ್ದ ಅಂತರ ಆ ದಿನ ಗೋಡೆಗೆ ನಿಂತಿದ್ದ ಕೊಡಗಳಿಗಿಂತ ಕಡಿಮೆಯಿತ್ತು.

ಊರಲ್ಲಿ ಇದು ಎರಡು ವಾರ ನಗುವ ಮಾತಾಯಿತು. ಓಟು ಹಾಕಲು ಕೊಡ ಕಳಿಸಿದವರು ಎಂದು ಅಡತಿ ಅಂಗಡಿಗಳಲ್ಲಿ ಹೊಟ್ಟೆ ಹಿಡಿದು ನಕ್ಕರು. ಆದರೆ ಓಣಿಯಲ್ಲಿ ನಗು ಇರಲಿಲ್ಲ. ಗಂಡಸರು ಹೆಂಗಸರನ್ನು ಬೈದರು, ಹೆಂಗಸರು ಗಂಗವ್ವನನ್ನು ಬೈದರು. ನಿನ್ನ ಮಾತು ಕೇಳಿ ಕೆಟ್ಟೆವು, ಮನೆ ಹೋಗುವುದು ನಿನ್ನಿಂದ ಎಂದರು. ಒಂದು ಸಂಜೆ ಶಾಲೆ ಬಿಟ್ಟು ಬಾವಿಯ ಕಡೆ ಹೋದೆ. ಮೆಟ್ಟಿಲ ಬಾಯಲ್ಲಿ, ಸಾಲಿನ ಹೊರಗೆ, ಒಂದು ಕೊಡ ನಿಂತಿತ್ತು. ಕಂಠಕ್ಕೆ ಕೆಂಪು ಚಿಂದಿ, ಗಂಗವ್ವನದು. ಅವಳು ನೂಲು ಸುತ್ತಲು ಹೋಗಿದ್ದಳು. ಪಾಳಿ ಬಂದಿತ್ತು, ದಾಟಿಯೂ ಹೋಗಿತ್ತು, ಯಾರೂ ತುಂಬಿರಲಿಲ್ಲ. ಸುತ್ತ ಹೆಂಗಸರು ಬೇರೆಲ್ಲೋ ನೋಡುತ್ತಿದ್ದರು. ನಾನು ಇಳಿದು ತುಂಬಲು ಹೋದೆ. ಒಸರುವ ನೀರು ಮೊಗೆಯುವುದು ನನಗೆ ಬಾರದು, ತಂಬಿಗೆಗೆ ಬರೀ ರಾಡಿ ಬಂತು. ಅಲ್ಲೇ ಕುಳಿತು ಅತ್ತೆ. ನನಗೆ ಆ ಚುನಾವಣೆ ಸೋತದ್ದು ತಿಳಿದದ್ದು ಅಲ್ಲಿ, ಎಣಿಕೆಯ ದಿನ ಅಲ್ಲ.

ಗಂಗವ್ವ ಯಾರೊಡನೆಯೂ ಜಗಳವಾಡಲಿಲ್ಲ. ಅವಳು ಮಾಡಿದ ಕೆಲಸ ಬೇರೆ. ಮುನ್ಸಿಪಾಲ್ಟಿಯ ಸಭೆಯಲ್ಲಿ ಯಾರು ಬೇಕಾದರೂ ಬಂದು ಕುಳಿತು ಕೇಳಬಹುದೇ ಎಂದು ನನ್ನನ್ನು ಕೇಳಿದಳು. ಬಹುದು ಎಂದೆ. ಅಂದಿನಿಂದ ಸಭೆಯಿದ್ದಾಗಲೆಲ್ಲ ಕೂಲಿ ಬಿಟ್ಟು ಕಚೇರಿಯ ಪಡಸಾಲೆಯಲ್ಲಿ ಕಂಬಕ್ಕೊರಗಿ ಕುಳಿತಳು. ಮೊದಲು ಒಬ್ಬಳೇ. ಆಮೇಲೆ ಓಣಿಯ ಇನ್ನೊಬ್ಬಳು, ಮತ್ತೊಬ್ಬಳು. "ಇಲ್ಲೆ ಮೈಯಾಗಿ ಕುಂದರಬೇಕಂತ್ರಿ. ಕುಂತೀವಿ" ಎಂದಳು ನನಗೆ. ಬಾವಿಯಲ್ಲಿ ಅವಳ ಕೊಡ ಮತ್ತೆ ತುಂಬತೊಡಗಿತು. ಸಭೆಯವರಿಗೆ ಇರಿಸುಮುರಿಸಾಯಿತು; ಓಣಿಯನ್ನು ಸುಮ್ಮನೆ ಕಿತ್ತು ಹಾಕಲು ಅವರಿಂದ ಆಗಲಿಲ್ಲ. ಜಾಗ ಕೊಡುವುದೆಂದು ಠರಾವು ಮಾಡಿದರು. ಊರ ಪಕ್ಕದ ಹಳ್ಳ ದಾಟಿದರೆ ಸಿಗುವ ಸರಕಾರಿ ಗಾಯರಾಣದಲ್ಲಿ, ದನ ಮೇಯುವ ಬಯಲಿನಲ್ಲಿ, ಮನೆಗೊಂದು ಜಾಗ, ಮುಂದೆ ಅನುಕೂಲವಾದಾಗ ನೀರು. ಠರಾವು ಓದಿದ ದಿನ ಗಂಗವ್ವ ಅಲ್ಲಿಂದ ನೇರ ನನ್ನ ಮನೆಗೆ ಬಂದು ಬೆಲ್ಲದ ಚೂರು ಕೈಯಲ್ಲಿಟ್ಟಳು. ಓಟು ತಪ್ಪಿದರೂ ಜಾಗ ತಪ್ಪಲಿಲ್ಲ ಎಂಬುದು ಅವಳ ಸಂತೋಷ. ನಾನೂ ಬೆಲ್ಲ ತಿಂದೆ.

ರೋಹಿಣಿ ಮಳೆಗೆ ಮುಂಚೆ ಓಣಿ ಖಾಲಿಯಾಗಬೇಕಿತ್ತು. ನನಗೂ ಅದೇ ಹೊತ್ತಿಗೆ ನವಲಗುಂದ ಕಡೆ ವರ್ಗವಾಯಿತು. ಹೊರಡುವ ಮೊದಲು ಶಾಲೆಯ ಚಾರ್ಜು ಒಪ್ಪಿಸಬೇಕು, ಜೊತೆಗೆ ಮತದಾರರ ಯಾದಿ ತಿದ್ದುವ ಕೆಲಸವನ್ನೂ ಮುಂದಿನವರಿಗೆ ತಿಳಿಸಿಕೊಡಬೇಕು. ಆ ಕೆಲಸಕ್ಕೆಂದು ಕಚೇರಿಗೆ ಹೋದಾಗ ಕಾರಕೂನ, ಕಲ್ಲಬಾವಿ ಓಣಿಯ ಹೆಸರುಗಳನ್ನು ಇನ್ನು ಬರೆಯುವುದು ಬೇಡ ಎಂದ. ಯಾಕೆ ಎಂದೆ. ಹಳ್ಳವೇ ಊರಿನ ಹದ್ದು, ಊರಿನ ಗಡಿ ಅಲ್ಲಿಗೇ ಮುಗಿಯಿತು, ಹಳ್ಳ ದಾಟಿದವರು ಮುನ್ಸಿಪಾಲ್ಟಿಗೆ ಸೇರುವುದಿಲ್ಲ ಎಂದ. ಆಚೆಯ ಹಳ್ಳಿಯ ಪಂಚಾಯ್ತಿಯವರು ಇವರನ್ನು ಪೇಟೆಯ ಮಂದಿ, ನಮ್ಮವರಲ್ಲ ಎಂದು ಆಗಲೇ ತಕರಾರು ಎತ್ತಿದ್ದಾರೆ ಎಂದೂ ಹೇಳಿದ. ಅವನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಸಾವಕಾರರಿಗೆ ಇದು ಗೊತ್ತಿತ್ತೇ? ನಕಾಶೆ ಮಾಡಿದವರಿಗೆ ಹದ್ದು ಗೊತ್ತಿರುವುದಿಲ್ಲವೇ? ಕೇಳಲು ನಾನು ಅವರ ಅಂಗಡಿಯವರೆಗೂ ಹೋದೆ. ಗದಗಿಗೆ ಹೋಗಿದ್ದಾರೆ ಎಂದರು.

ಓಣಿಗೆ ಹೋದೆ. ಸಾವಕಾರರೇ ಕಳಿಸಿದ್ದ ಬಂಡಿಗಳು ಸಾಲಾಗಿ ನಿಂತಿದ್ದವು. ಪಡುವಣದಲ್ಲಿ ಮೋಡ ಏರುತ್ತಿತ್ತು, ಗಾಳಿಗೆ ಎರೆಮಣ್ಣಿನ ಧೂಳು ಕಣ್ಣಿಗೆ ತೂರುತ್ತಿತ್ತು. ಗೂಟ, ತಗಡು, ಬೀಸುಕಲ್ಲು, ಕೋಳಿ ಎಲ್ಲ ಬಂಡಿ ಏರಿದ್ದವು. ನೀಲವ್ವ ಬಂದಿದ್ದಳು. ತುಂಬು ಹೊಟ್ಟೆಯ ಹುಡುಗಿ ಹೊರಸಿನ ಮೇಲೆ ಕುಳಿತು ಬಂಡಿಯ ಗೂಟ ಹಿಡಿದುಕೊಂಡಿದ್ದಳು. ಗಂಗವ್ವ ನನ್ನನ್ನು ಕಂಡು ಕೈ ಒರೆಸಿಕೊಂಡು ಬಂದಳು. ಅವಳ ಮುಖದಲ್ಲಿ ದುಃಖವಿರಲಿಲ್ಲ, ಕೆಲಸದ ಗಡಿಬಿಡಿಯಿತ್ತು.

"ನೀವೂ ಹೊಂಟೀರಂತಲ್ರೀ ಅಕ್ಕೋರ. ಹೋಗೂ ಮುಂದ ಒಂದ ಮಾತ ಹೇಳಿ ಹೋಗ್ರಿ. ಮುಂದಿನ ಓಟು ಯಾವಾಗ್ರಿ? ಈ ಸಲ ನಾವ ರಾತ್ರೀನ ಬಂದ ನಿಂದರತೀವಿ. ಬಾಣಂತಿ ಇದ್ರೂ ಎತಗೊಂಡ ಬರತೀವಿ. ಕೂಲಿ ಹೋಕ್ಕೈತಿ, ಹೋಗಲಿ."

ಸುಮ್ಮನೆ ಏನೋ ಒಂದು ವರ್ಷ ಹೇಳಿ ನಾನು ನನ್ನ ಹಾದಿ ಹಿಡಿಯಬಹುದಿತ್ತು. ಆದರೆ ಶಾಲೆಯ ಅಂಗಳದಲ್ಲಿ ಒಮ್ಮೆ ಐದರ ಗಡುವು ತಿಳಿಸದೆ ಅವಳಿಗೆ ಅರ್ಧ ಮಾತು ಹೇಳಿ ಕಳಿಸಿದ್ದರ ಫಲ ನೋಡಿದ್ದೆ. ಹೇಳಿದೆ. ಹಳ್ಳದಾಚೆ ಹೋದವರಿಗೆ ಈ ಊರಿನ ಓಟು ಇಲ್ಲ ಎಂದೆ. ಆಚೆಯವರು ಅವರನ್ನು ತಮ್ಮವರೆಂದು ಇನ್ನೂ ಒಪ್ಪಿಲ್ಲ ಎಂಬುದನ್ನೂ ಹೇಳಿದೆ.

ಅವಳು ಹಳ್ಳದ ಕಡೆ ನೋಡಿದಳು. ಆಮೇಲೆ ಊರ ಕಡೆ ನೋಡಿದಳು. ಬಂಡಿ ಹೊಡೆಯುವವನು ಮಳೆ ಬಂತೆಂದು ಕೂಗಿದ. ಅವಳು ಅವನಿಗೆ ತಡೆಯುವಂತೆ ಕೈಸನ್ನೆ ಮಾಡಿ, ನನ್ನ ಹತ್ತಿರ ಬಂದು, ಏನೂ ತಿಳಿಯದ ಮಗು ಕೇಳಿದ ಹಾಗೆ ಕೇಳಿದಳು:

"ಹಂಗಾರ ನಾವು ಯಾವೂರವ್ರ್ರೀ, ಅಕ್ಕೋರ?"